ಸಜ್ದಾದಿಂದ ಏಳಲು ತಡವಾದರೆ ಗಮನಿಸಿ

ನಮ್ಮ ಮಸೀದಿಗಳಲ್ಲಿ ಈ ದೃಶ್ಯ ಸಾಮಾನ್ಯ. ಇಮಾಮರು ಸಜ್ದಾದಿಂದ ಎದ್ದು ಮುಂದಿನ ರಕಾತ್ ಆರಂಭಿಸಿರುತ್ತಾರೆ. ಸಫ್‌ನಲ್ಲಿ ಎಲ್ಲರೂ ನಿಂತಿರುತ್ತಾರೆ. ಒಬ್ಬ ಹಿರಿಯರು ಮಾತ್ರ ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಏಳಲು ಪ್ರಯತ್ನಿಸುತ್ತಲೇ ಇರುತ್ತಾರೆ. ನಮಾಝ್ ಮುಗಿದ ಮೇಲೆ ಯಾರೋ ಒಬ್ಬರು, "ಚಾಚಾ, ವಯಸ್ಸಾಯಿತು, ಇನ್ನು ಮೇಲೆ ಕುರ್ಚಿಯಲ್ಲಿ ಕೂತು ನಮಾಝ್ ಮಾಡಿ" ಎನ್ನುತ್ತಾರೆ. ಮುಂದಿನ ಜುಮಾಕ್ಕೆ ಕುರ್ಚಿ ಬರುತ್ತದೆ. ವಿಷಯ ಅಲ್ಲಿಗೆ ಮುಗಿಯುತ್ತದೆ.

ಕುರ್ಚಿ ಕೊಟ್ಟದ್ದು ಒಳ್ಳೆಯದೇ. ಆದರೆ ಕಳೆದ ರಮಝಾನಿನಲ್ಲಿ ತರಾವೀಹ್ ಪೂರ್ತಿ ನಿಂತು ಮಾಡಿದವರಿಗೆ ಈ ವರ್ಷ ಏಕೆ ಏಳಲಾಗುತ್ತಿಲ್ಲ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳದೆ ಹೋದದ್ದಕ್ಕೆ ನಮ್ಮ ಕುಟುಂಬ ಬೆಲೆ ತೆತ್ತಿದೆ. ಅದಕ್ಕಾಗಿಯೇ ಈ ಲೇಖನ.

ನನ್ನ ಬಡೇ ಅಬ್ಬಾ ಹುಮನಾಬಾದಿನಲ್ಲಿ ದರ್ಜಿಯಾಗಿದ್ದರು. ಮೊದಲು ಅವರ ಬಲಭುಜ ನೋಯತೊಡಗಿತು. ಎಣ್ಣೆ ತಿಕ್ಕಿದೆವು, ಎಲುಬಿನ ಡಾಕ್ಟರಿಗೆ ತೋರಿಸಿದೆವು. ಒಂದು ವರ್ಷ ಅದರಲ್ಲೇ ಹೋಯಿತು. ಆಮೇಲೆ ಕೈ ನಿಧಾನವಾಯಿತು. ಒಂದು ದಿನದಲ್ಲಿ ಮುಗಿಯುತ್ತಿದ್ದ ಶರ್ಟಿಗೆ ಮೂರು ದಿನ ಹಿಡಿಯತೊಡಗಿತು. ಅಬ್ಬಾಗೆ ಕೆಲಸದಲ್ಲಿ ಮನಸ್ಸಿಲ್ಲ ಎಂದು ಮಕ್ಕಳು ಗೊಣಗಿದರು. ಮುಖದಲ್ಲಿ ನಗು ಮಾಯವಾಯಿತು. ಸಲಾಮ್ ಹೇಳಿದರೂ ಮುಖ ಅರಳುವುದಿಲ್ಲ, ಸೊಕ್ಕು ಬಂದಿದೆ ಎಂದು ಅಕ್ಕಪಕ್ಕದವರು ಆಡಿಕೊಂಡರು. ನಿದ್ದೆಯಲ್ಲಿ ಕೂಗುತ್ತಿದ್ದರು, ಕೈಕಾಲು ಬೀಸುತ್ತಿದ್ದರು. ಅದಕ್ಕೆ ತಾವೀಝ್ ಬಂತು. ಸುಮ್ಮನೆ ಕುಳಿತಾಗ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದರ ಮೇಲೊಂದು ಆಡುತ್ತಿದ್ದವು. ತಸ್ಬೀಹ್ ಎಣಿಸಿದ ಹಾಗೆ ಕಾಣುತ್ತಿತ್ತು. ಝಿಕ್ರ್‌ನಲ್ಲಿದ್ದಾರೆ ಎಂದುಕೊಂಡು ನಾವು ಸಂತೋಷಪಟ್ಟೆವು.

ಮೂರೂವರೆ ವರ್ಷಗಳ ನಂತರ ಕಲಬುರಗಿಯಲ್ಲಿ ಒಬ್ಬ ನರರೋಗ ತಜ್ಞರಿಗೆ ತೋರಿಸಿದೆವು. ಬಾಗಿಲಿನಿಂದ ಕುರ್ಚಿಯವರೆಗೆ ಅವರು ನಡೆದು ಬಂದ ರೀತಿ ನೋಡಿಯೇ ಡಾಕ್ಟರಿಗೆ ಅರ್ಧ ಗೊತ್ತಾಯಿತು. ಕೈ ಮಡಚಿ ಬಿಚ್ಚಿಸಿ, ಬೆರಳು ಬಡಿಸಿ ನೋಡಿ "ಪಾರ್ಕಿನ್ಸನ್" ಎಂದರು. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಬಡೇ ಅಬ್ಬಾ ತಮ್ಮ ಕುರ್ತಾದ ಗುಂಡಿಗಳನ್ನು ತಾವೇ ಹಾಕಿಕೊಂಡರು. ಅಷ್ಟರಲ್ಲಿ ಅಂಗಡಿ ಮುಚ್ಚಿ ವರ್ಷವಾಗಿತ್ತು. ಜನ ನೋಡುತ್ತಾರೆಂಬ ನಾಚಿಕೆಯಿಂದ ಅವರು ಮಸೀದಿಗೆ ಹೋಗುವುದನ್ನೂ ಬಿಟ್ಟಿದ್ದರು. ಕಾಯಿಲೆ ವಾಸಿಯಾಗುವುದಿಲ್ಲ, ನಿಜ. ಆದರೆ ಆ ಮೂರೂವರೆ ವರ್ಷಗಳ ದುಡಿಮೆ, ಆ ಮರ್ಯಾದೆ ಉಳಿಯಬಹುದಿತ್ತು.

ಮೆದುಳಿನಲ್ಲಿ ಆಗುವುದೇನು?

ನಾವು ಕೈ ಎತ್ತಬೇಕೆಂದರೆ ಮೆದುಳಿನಿಂದ ಆಜ್ಞೆ ಹೊರಡಬೇಕು. ಆ ಚಲನೆ ಎಷ್ಟು ವೇಗವಾಗಿರಬೇಕು, ಎಷ್ಟು ದೊಡ್ಡದಾಗಿರಬೇಕು ಎಂಬುದನ್ನು ಹದಗೊಳಿಸುವ ಕೇಂದ್ರಗಳು ಮೆದುಳಿನ ಆಳದಲ್ಲಿವೆ. ಈ ಕೆಲಸಕ್ಕೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದನ್ನು ತಯಾರಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವುದೇ ಪಾರ್ಕಿನ್ಸನ್ ಕಾಯಿಲೆ. ಕೈಕಾಲಿನಲ್ಲಿ ಲಕ್ಷಣ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಈ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಹೋಗಿರುತ್ತವೆ. ಸ್ನಾಯುವಿಗೆ ಏನೂ ಆಗಿರುವುದಿಲ್ಲ, ಬಲ ಇರುತ್ತದೆ. ಆದರೂ ಕೈ ನಿಧಾನ, ಹೆಜ್ಜೆ ಚಿಕ್ಕದು, ಅಕ್ಷರ ಸಣ್ಣದು, ದನಿ ಮೆಲ್ಲಗೆ.

ನರಕೋಶಗಳು ಸವೆಯುವ ಕಾಯಿಲೆಗಳು ಬೇರೆಯೂ ಇವೆ. ಅಲ್ಝೈಮರ್ ಮೊದಲು ನೆನಪಿಗೆ ಕೈಹಾಕುತ್ತದೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳೇ ನಾಶವಾಗಿ ಕೈಕಾಲು ಸೊರಗುತ್ತವೆ. ಅಟಾಕ್ಸಿಯಾದಲ್ಲಿ ತೋಲ ತಪ್ಪಿ ನಡಿಗೆ ತೂರಾಡುತ್ತದೆ. ಜನ ಕುಡಿದಿದ್ದಾನೆ ಎಂದುಕೊಳ್ಳುತ್ತಾರೆ. ಇವುಗಳ ಪೈಕಿ ಮಾತ್ರೆಯಿಂದ ಅತಿ ಹೆಚ್ಚು ಪ್ರಯೋಜನ ಕಾಣುವುದು ಪಾರ್ಕಿನ್ಸನ್‌ನಲ್ಲಿ. ಹಾಗಾಗಿ ಅದನ್ನು ಗುರುತಿಸದೆ ಬಿಡುವುದು ದೊಡ್ಡ ನಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆಯಿತ್ತು. 25 ವರ್ಷಗಳಲ್ಲಿ ಈ ಸಂಖ್ಯೆ ಇಮ್ಮಡಿಯಾಗಿದೆ. ಬಸವಕಲ್ಯಾಣ, ಹುಮನಾಬಾದಿನ ಮೊಹಲ್ಲಾಗಳು ಇದಕ್ಕೆ ಹೊರತಲ್ಲ.

ದಿನಕ್ಕೆ ಐದು ಬಾರಿ ಕಣ್ಣೆದುರಿಗೆ

ನಮಾಝ್ ಆರಾಧನೆ. ಅದನ್ನು ವ್ಯಾಯಾಮವೆಂದೋ ತಪಾಸಣೆಯೆಂದೋ ಕರೆಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಮಾತು ಸತ್ಯ: ಒಬ್ಬ ಮನುಷ್ಯ ನಿಲ್ಲುವುದು, ಬಾಗುವುದು, ನೆಲಕ್ಕೆ ಹಣೆಯಿಡುವುದು, ಮತ್ತೆ ಏಳುವುದು ದಿನಕ್ಕೆ ಐದು ಬಾರಿ ಅವನ ಪಕ್ಕದವರ ಕಣ್ಣೆದುರಿಗೇ ನಡೆಯುತ್ತದೆ. ಚಲನೆಯಲ್ಲಿ ಬದಲಾವಣೆಯಾದರೆ ಮೊದಲು ಗೊತ್ತಾಗಬೇಕಾದದ್ದು ನಮಗೇ.

ಹಾಗಾದರೆ ಏನನ್ನು ಗಮನಿಸಬೇಕು? ವುಝೂ ಮಾಡುವಾಗ ಒಂದು ಕೈ ಇನ್ನೊಂದಕ್ಕಿಂತ ನಿಧಾನವಾಗಿದೆಯೇ? ತೋಳು ಮಡಚಲು, ಗುಂಡಿ ಹಾಕಲು ತಡವಾಗುತ್ತಿದೆಯೇ? ನಡೆಯುವಾಗ ಒಂದು ಕೈ ಬೀಸದೆ ಮೈಗೆ ಅಂಟಿಕೊಂಡಿರುತ್ತದೆಯೇ? ತಿರುಗುವಾಗ ಒಂದೇ ಸಲಕ್ಕೆ ತಿರುಗದೆ ಪುಟ್ಟಪುಟ್ಟ ಹೆಜ್ಜೆಗಳಲ್ಲಿ ತಿರುಗುತ್ತಾರೆಯೇ? ಗಟ್ಟಿಯಾಗಿ ಕಿರಾಅತ್ ಮಾಡುತ್ತಿದ್ದವರ ದನಿ ಕುಗ್ಗಿದೆಯೇ? ಈ ಕಾಯಿಲೆ ಹೆಚ್ಚಾಗಿ ದೇಹದ ಒಂದು ಬದಿಯಲ್ಲಿ ಆರಂಭವಾಗುತ್ತದೆ ಎಂಬುದನ್ನು ನೆನಪಿಡಿ. ಮುಪ್ಪು ಸಾಮಾನ್ಯವಾಗಿ ಹಾಗೆ ಒಂದೇ ಕೈಯನ್ನು ಆರಿಸಿಕೊಂಡು ಬರುವುದಿಲ್ಲ.

ಇನ್ನು ಕೆಲವು ಲಕ್ಷಣಗಳು ಎಷ್ಟೋ ವರ್ಷ ಮೊದಲೇ ಬರಬಹುದು. ಅತ್ತರಿನ ಪರಿಮಳ, ಬಿರಿಯಾನಿಯ ಘಮ ಮೂಗಿಗೆ ತಟ್ಟದಿರುವುದು. ಬಿಡದ ಮಲಬದ್ಧತೆ. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೂಗುವುದು, ಒದೆಯುವುದು. ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಕಾಯಿಲೆ ಬಂತೆಂದು ಹೆದರಬೇಕಿಲ್ಲ. ಆದರೆ ಇವುಗಳ ಜೊತೆ ನಿಧಾನತೆ ಸೇರಿದರೆ ಕಾಯಬಾರದು.

ಹೆಂಗಸರ ವಿಷಯದಲ್ಲಿ ನಾವು ಇನ್ನೂ ಹಿಂದೆ ಬೀಳುತ್ತೇವೆ. ಅಮ್ಮಿ ಮನೆಯ ಮೂಲೆಯಲ್ಲಿ ನಮಾಝ್ ಮಾಡುತ್ತಾರೆ, ಯಾರೂ ನೋಡುವುದಿಲ್ಲ. ಅವರ ಕಾಯಿಲೆ ಮೊದಲು ಕಾಣುವುದು ಅಡುಗೆಮನೆಯಲ್ಲಿ. ಎರಡೂ ಕೈಯಿಂದ ಜೋಳದ ರೊಟ್ಟಿ ಬಡಿಯುತ್ತಿದ್ದವರ ಒಂದು ಕೈ ಹಿಂದೆ ಬೀಳುತ್ತದೆ, ರೊಟ್ಟಿ ದುಂಡಗಾಗುವುದಿಲ್ಲ. ಅದನ್ನು ಮೊದಲು ನೋಡುವವರು ಸೊಸೆಯೋ ಮಗಳೋ. ಅವರು ಹೇಳಿದಾಗ ಗಂಡಸರು ಕಿವಿಗೊಡಬೇಕು.

ಮುಪ್ಪು, ನಜರ್ ಮತ್ತು ತಾವೀಝ್

ಚಿಕಿತ್ಸೆ ಪಡೆಯಬೇಕೇ ಎಂದು ಮರುಭೂಮಿಯ ಜನ ಕೇಳಿದಾಗ ಪ್ರವಾದಿ(ಸ)ರು ಪಡೆಯಿರಿ ಎಂದರು. ಮುಪ್ಪೊಂದನ್ನು ಬಿಟ್ಟು ಮದ್ದಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲ ಎಂದರು. ಈ ಹದೀಸ್ ನಮಗೆಲ್ಲ ಗೊತ್ತು. ನಾವು ಮಾಡುತ್ತಿರುವ ತಪ್ಪೇನೆಂದರೆ, ಪಾರ್ಕಿನ್ಸನ್‌ನಂತಹ ರೋಗವನ್ನೂ ಆ ಒಂದು ವಿನಾಯಿತಿಯೊಳಗೆ ತುರುಕುತ್ತಿದ್ದೇವೆ. ವಯಸ್ಸಾಯಿತು ಎಂದ ಕೂಡಲೇ ಚಿಕಿತ್ಸೆಯ ಹೊಣೆ ನಮ್ಮ ತಲೆಯಿಂದ ಇಳಿದಂತಾಗುತ್ತದೆ. ಈ ಕಾಯಿಲೆ ನಲವತ್ತರ ಆಸುಪಾಸಿನವರಿಗೂ ಬರುತ್ತದೆ. ಅದನ್ನು ಮುಪ್ಪೆನ್ನುವುದು ಹೇಗೆ?

ಇನ್ನು ಕೆಲವರು ನಜರ್ ತಗುಲಿದೆ, ಜಿನ್ನ್ ಹಿಡಿದಿದೆ ಎನ್ನುತ್ತಾರೆ. ದುಆ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ದುಆ ಮಾಡುತ್ತಲೇ ಡಾಕ್ಟರ ಬಳಿ ಹೋಗಿ ಎನ್ನುತ್ತೇನೆ. ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನಡುಕವನ್ನು ನರಗಳ ಕಾಯಿಲೆಗಳ ಸಾಲಿನಲ್ಲಿಟ್ಟು ಚರ್ಚಿಸಿದ್ದಾರೆ. ಆಯುರ್ವೇದದವರು ಕಂಪವಾತ ಎಂದರು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯ ಇದರ ಲಕ್ಷಣಗಳನ್ನು ಒಟ್ಟಾಗಿ ವಿವರಿಸಿ ಬರೆದ ಮೇಲೆ ಮುಂದೆ ಅವರ ಹೆಸರೇ ನಿಂತಿತು. ಅವರು ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ

ಚಹಾದ ಕಪ್ ಎತ್ತುವಾಗ, ಬರೆಯುವಾಗ ಕೈ ನಡುಗಿದರೆ ಅದು ಹೆಚ್ಚಾಗಿ ಬೇರೆ ಬಗೆಯ ನಡುಕ. ಎಷ್ಟೋ ಮನೆತನಗಳಲ್ಲಿ ಅದು ವಂಶದಲ್ಲೇ ಬಂದಿರುತ್ತದೆ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕಾಣುವುದು ಕೈ ತೊಡೆಯ ಮೇಲೆ ಸುಮ್ಮನಿದ್ದಾಗ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ. ಪಾರ್ಕಿನ್ಸನ್ ಇದ್ದೂ ನಡುಕವೇ ಇಲ್ಲದವರೂ ಇದ್ದಾರೆ. ಆದ್ದರಿಂದ ನಡುಕಕ್ಕಿಂತ ನಿಧಾನತೆಯ ಮೇಲೆ ಕಣ್ಣಿಡಿ.

ಔಷಧಿಯಿಂದಲೂ ಇಂತಹದೇ ಲಕ್ಷಣಗಳು ಬರಬಹುದು. ತಲೆಸುತ್ತಿಗೆ ಕೊಡುವ ಸಿನ್ನಾರಿಝಿನ್, ಫ್ಲುನಾರಿಝಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಡೋಪಮೈನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ನಮ್ಮ ಊರುಗಳಲ್ಲಿ ಚಕ್ಕರ್ ಬಂತೆಂದು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಅದೇ ಮಾತ್ರೆ ತರಿಸಿ ನುಂಗುವವರಿದ್ದಾರೆ. ಅಂಥವರಲ್ಲಿ ಎಷ್ಟೋ ಮಂದಿಗೆ ಡಾಕ್ಟರು ಆ ಮಾತ್ರೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಹೀಗಾಗಿ ತಜ್ಞರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಹದಿಹರೆಯದವರಲ್ಲಿ, ಯುವಕರಲ್ಲಿ ಕೈ ನಡುಗಿ, ಮಾತು ತೊದಲಿ, ಬರವಣಿಗೆ ಕೆಟ್ಟರೆ ಇನ್ನೂ ಬೇಗ ಓಡಬೇಕು. ವಿಲ್ಸನ್ ಕಾಯಿಲೆಯಲ್ಲಿ ದೇಹದೊಳಗೆ ತಾಮ್ರ ತುಂಬಿಕೊಂಡು ಯಕೃತ್ತು ಮತ್ತು ಮೆದುಳು ಕೆಡುತ್ತವೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಇದು ಕಾಣಿಸಿಕೊಳ್ಳುತ್ತದೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಆ ಸಾಧ್ಯತೆ ಹೆಚ್ಚು. ಬೇಗ ಗೊತ್ತಾದರೆ ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಒಬ್ಬರಿಗೆ ಬಂದರೆ ಅಣ್ಣತಮ್ಮ ಅಕ್ಕತಂಗಿಯರನ್ನೂ ಪರೀಕ್ಷಿಸಬೇಕು. ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟರೆ ಅವಳ ಜೀವಕ್ಕೇ ಅಪಾಯ.

ಒಂದು ಎಚ್ಚರಿಕೆ: ತಲೆಯ ಸ್ಕ್ಯಾನ್ ನಾರ್ಮಲ್ ಬಂತೆಂದು ಕಾಯಿಲೆಯಿಲ್ಲ ಎಂದುಕೊಳ್ಳಬೇಡಿ. ಪಾರ್ಕಿನ್ಸನ್‌ನಲ್ಲಿ ಎಂಆರ್‌ಐ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತದೆ. ಡಾಕ್ಟರ ಕಣ್ಣು ಮತ್ತು ಕೈ ಇಲ್ಲಿ ಮುಖ್ಯ.

ಮಾತ್ರೆಯ ವೇಳೆ ಮತ್ತು ರಮಝಾನ್

ಇದರ ಮುಖ್ಯ ಔಷಧಿ ಲೆವೊಡೋಪಾ. 1960ರ ದಶಕದಿಂದ ಬಳಕೆಯಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. ಮೆದುಳು ಇದನ್ನು ಡೋಪಮೈನ್ ಆಗಿ ಬದಲಿಸಿಕೊಳ್ಳುತ್ತದೆ. ಇದರ ಪ್ರಭಾವ ಕೆಲವು ಗಂಟೆ ಮಾತ್ರ. ಆದ್ದರಿಂದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಬೇಕು. ಮಾಂಸ, ಬೇಳೆ, ಹಾಲಿನ ಜೊತೆಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆಯಾಗಬಹುದು. ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ಒಳ್ಳೆಯದು. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ ಎಂಬುದು ನಿಜ. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಎಂದು ಹೇಳುವವರಿಲ್ಲ. ಮಾತ್ರೆ ಬಿಟ್ಟು ಪುಡಿ ಹಿಡಿಯುವುದಾಗಲಿ, ಎರಡನ್ನೂ ಕೂಡಿಸಿ ತಿನ್ನುವುದಾಗಲಿ ಬೇಡ.

ರಮಝಾನ್ ಬಂದಾಗ ಎಷ್ಟೋ ಹಿರಿಯರು ಮನೆಯವರಿಗೂ ಹೇಳದೆ ಹಗಲಿನ ಮಾತ್ರೆ ಬಿಡುತ್ತಾರೆ. ಇದು ಅಪಾಯ. ಲೆವೊಡೋಪಾವನ್ನು ದಿಢೀರನೆ ನಿಲ್ಲಿಸಿದರೆ ಮೈ ಕಟ್ಟಿಗೆಯಂತೆ ಬಿಗಿದು, ತೀವ್ರ ಜ್ವರ ಬಂದು ಪ್ರಾಣಕ್ಕೇ ಕುತ್ತಾಗಬಹುದು. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳುತ್ತದೆ. ಕಾಯಿಲೆಯ ಆರಂಭದಲ್ಲಿರುವವರಿಗೆ ಮಾತ್ರೆಯ ವೇಳೆ ಹೊಂದಿಸಿ ಕೊಡಲು ಸಾಧ್ಯವೇ ಎಂದು ಶಅಬಾನ್‌ನಲ್ಲೇ ಡಾಕ್ಟರನ್ನು ಕೇಳಿ. ಆಗದಿದ್ದರೆ ಫಿದ್ಯಾದ ಬಗ್ಗೆ ಆಲಿಮರನ್ನು ಕೇಳಿ. ಇಮಾಮರು ರಮಝಾನಿಗೆ ಮುಂಚಿನ ಒಂದು ಜುಮಾದಲ್ಲಿ ಈ ಮಾತನ್ನು ಮಿಂಬರಿನಿಂದ ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ಮಗ ಹೇಳಿದರೆ ಕೇಳದ ತಂದೆ ಇಮಾಮರ ಮಾತು ಕೇಳುತ್ತಾರೆ.

ಮಸೀದಿ ಮತ್ತು ಮನೆ ಮಾಡಬೇಕಾದದ್ದು

ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡುವ ಅನುಮತಿಯನ್ನು ಪ್ರವಾದಿ(ಸ)ರೇ ಕೊಟ್ಟಿದ್ದಾರೆ. ಹಾಗಿರುವಾಗ ಕುರ್ಚಿಯಲ್ಲಿ ಕೂತವರನ್ನು ಓರೆಗಣ್ಣಿನಿಂದ ನೋಡಬೇಕಾಗಿಲ್ಲ. ಮಸೀದಿ ಕಮಿಟಿಗಳು ವುಝೂಖಾನಾದಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಕೊಳವೆ ಹಾಕಿಸಲಿ, ಜಾರದ ಟೈಲ್ಸ್ ಹಾಕಿಸಲಿ, ಕೂರುವ ಕಮೋಡ್ ಇರುವ ಒಂದು ಶೌಚಾಲಯವನ್ನಾದರೂ ಮಾಡಿಸಲಿ. ಮಿನಾರಿಗೆ ಬಣ್ಣ ಹೊಡೆಸುವ ಚಂದಾದಲ್ಲಿ ಸ್ವಲ್ಪ ಇದಕ್ಕೂ ತೆಗೆದಿಡಲಿ.

ಈ ರೋಗಿಗಳ ಕಾಲು ಕೆಲವೊಮ್ಮೆ ಬಾಗಿಲಿನಲ್ಲಿ, ಇಕ್ಕಟ್ಟಾದ ಜಾಗದಲ್ಲಿ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಆಗ ಹಿಡಿದು ಎಳೆಯಬೇಡಿ, ಬಿದ್ದುಬಿಡುತ್ತಾರೆ. ಒಂದು, ಎರಡು ಎಂದು ಎಣಿಸಿ. ನೆಲದ ಮೇಲಿನ ಗೆರೆಯನ್ನು ದಾಟುವಂತೆ ಹೇಳಿ. ಮಸೀದಿಯ ಸಫ್ ಗೆರೆಗಳೇ ಇದಕ್ಕೆ ನೆರವಾಗುತ್ತವೆ. ಹಾಸಿಗೆಯಿಂದಾಗಲಿ ಸಜ್ದಾದಿಂದಾಗಲಿ ಎದ್ದ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಸ್ವಲ್ಪ ಹೊತ್ತು ಕುಳಿತು ಆಮೇಲೆ ಏಳಲಿ. ದಿನವೂ ನಡೆಯಲಿ. ವ್ಯಾಯಾಮದಿಂದ ಈ ಕಾಯಿಲೆಯಲ್ಲಿ ನಿಜಕ್ಕೂ ಪ್ರಯೋಜನವಿದೆ. ಬೇಗ ಬೇಗ ಎಂದು ಅವಸರಿಸಬೇಡಿ. ಗಡಿಬಿಡಿಯಾದಷ್ಟೂ ಕೈಕಾಲು ಇನ್ನೂ ಬಿಗಿಯುತ್ತದೆ. ತಂದೆತಾಯಿಗೆ 'ಉಫ್' ಎಂದೂ ಹೇಳಬಾರದು ಎಂಬ ಆದೇಶ ಈ ಮನೆಗಳಲ್ಲಿ ದಿನವೂ ಪರೀಕ್ಷೆಗೆ ಬರುತ್ತದೆ.

ಹೊಲದಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಪ್ಯಾರಾಕ್ವಾಟ್‌ನಂತಹ ಕಳೆನಾಶಕಗಳಿಗೂ ಪಾರ್ಕಿನ್ಸನ್‌ಗೂ ಸಂಬಂಧವಿರುವುದನ್ನು ಹಲವು ಸಂಶೋಧನೆಗಳು ತೋರಿಸಿವೆ. ಯುರೋಪಿನಲ್ಲಿ ಅದನ್ನು 2007ರಲ್ಲೇ ನಿಷೇಧಿಸಲಾಗಿದೆ. ಕಬ್ಬು, ತೊಗರಿ, ಸೋಯಾ ಹೊಲಗಳಲ್ಲಿ ಬರಿಗೈಯಿಂದ ಔಷಧಿ ಕಲಸುವುದು, ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಸಿಂಪಡಿಸುವುದು ಇಂದೇ ನಿಲ್ಲಲಿ.

ಮುಚ್ಚಿಡುವ ಕಾಯಿಲೆಯಲ್ಲ

ಮುಹಮ್ಮದ್ ಅಲಿಯ ಹೆಸರು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಜಗತ್ತನ್ನೇ ಗೆದ್ದ ಆ ಬಾಕ್ಸರಿಗೆ 1984ರಲ್ಲಿ, 42ನೇ ವಯಸ್ಸಿನಲ್ಲಿ ಪಾರ್ಕಿನ್ಸನ್ ಪತ್ತೆಯಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅವರು ನಡುಗುವ ಕೈಯಿಂದಲೇ ಜ್ಯೋತಿ ಬೆಳಗಿಸಿದರು. ಇಡೀ ಜಗತ್ತು ನೋಡಿತು, ಅವರು ಕೈಯನ್ನು ಮರೆಮಾಡಲಿಲ್ಲ. 2016ರಲ್ಲಿ ತೀರಿಕೊಳ್ಳುವವರೆಗೆ 32 ವರ್ಷ ಆ ಕಾಯಿಲೆಯ ಜೊತೆ ಬದುಕಿದರು. ನಮ್ಮ ಹಿರಿಯರು ಮಾತ್ರ ಕೈಯನ್ನು ಶಾಲಿನೊಳಗೆ ಬಚ್ಚಿಟ್ಟು ಮನೆಯಲ್ಲೇ ಏಕೆ ಕೂರಬೇಕು?

ಸರಕಾರವೂ ಇದನ್ನು ಗುರುತಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಹೆಚ್ಚು ಬಾಧೆಯಿರುವವರು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರಕಾರ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿತು. ಅದರಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ತೆರೆದಿವೆ. ಅಲ್ಲಿ ಹೆಚ್ಚು ಒತ್ತು ಇರುವುದು ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನಗಳಿಗೆ. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ನಮ್ಮವರು ಹೋಗಿ ವಿಚಾರಿಸಬೇಕು. ಕೈನಡುಕ, ನಡಿಗೆಯ ತೊಂದರೆಗೂ ಅಲ್ಲಿಯೇ ತಪಾಸಣೆ ಆಗಬೇಕೆಂದು ಕೇಳಬೇಕು.

ತಾಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನರರೋಗ ತಜ್ಞರು ಸಿಗುವುದಿಲ್ಲ. ಬಸವಕಲ್ಯಾಣದವರು ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಹುಮನಾಬಾದಿನವರಿಗೆ 2017ರಲ್ಲಿ ಪೂರ್ತಿಯಾದ ಬೀದರ್–ಕಲಬುರಗಿ ರೈಲು ಮಾರ್ಗದಿಂದ ಸ್ವಲ್ಪ ಅನುಕೂಲವಾಗಿದೆ. ಆದರೂ ಮೈ ಬಿಗಿದ ಒಬ್ಬ ಮುದುಕರನ್ನು ಪ್ರತಿ ಎರಡು ತಿಂಗಳಿಗೊಮ್ಮೆ ಅಷ್ಟು ದೂರ ಕರೆದೊಯ್ಯುವುದು ಬಡ ಕುಟುಂಬಕ್ಕೆ ಒಂದು ದಿನದ ಕೂಲಿ, ಗಾಡಿಯ ಬಾಡಿಗೆ, ಎಲ್ಲದರ ಪ್ರಶ್ನೆ. ಎರಡೂ ತಾಲೂಕು ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆಯಾದರೂ ತಜ್ಞರು ಬರಲಿ, ಲೆವೊಡೋಪಾ ಮಾತ್ರೆ ಅಲ್ಲಿಯೇ ಉಚಿತವಾಗಿ ಸಿಗಲಿ ಎಂದು ಶಾಸಕರನ್ನು ಕೇಳುವುದು ನಮ್ಮ ಹಕ್ಕು. ಇದು ಒಂದು ಸಮುದಾಯದ ಬೇಡಿಕೆಯಲ್ಲ. ಪಕ್ಕದ ಮನೆಯ ಶರಣಪ್ಪನವರ ಕೈಯೂ ಹೀಗೆಯೇ ನಡುಗುತ್ತಿರಬಹುದು. ಎಲ್ಲರೂ ಸೇರಿ ಕೇಳಿದರೆ ಬೇಗ ಆಗುತ್ತದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಮುಂದಿನ ನಮಾಝಿನಲ್ಲಿ ನಿಮ್ಮ ಪಕ್ಕದ ಹಿರಿಯರು ಏಳಲು ತಡಮಾಡಿದರೆ ಕುರ್ಚಿ ಕೊಡಿ. ಆಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ ಕೇಳಿ: "ಚಾಚಾ, ಇದು ಎಷ್ಟು ದಿನದಿಂದ? ಡಾಕ್ಟರಿಗೆ ತೋರಿಸಿದ್ದೀರಾ? ನಾನು ಜೊತೆಗೆ ಬರಲಾ?" ಈ ಮೂರು ಮಾತುಗಳನ್ನು ಯಾರಾದರೂ ಮೊದಲೇ ಕೇಳಿದ್ದರೆ ನನ್ನ ಬಡೇ ಅಬ್ಬಾ ಇನ್ನೂ ಮೂರು ವರ್ಷ ಬಟ್ಟೆ ಹೊಲಿಯುತ್ತಿದ್ದರು.